ಅಗಲಿಕೆಯ ಬರಹ: ಓಲೆ, ದಿನಚರಿ, ಕಡತಗಳಲ್ಲಿ ಕಥನಕಲೆ

(ಪಡುಬಿದ್ರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿಯೆಂಬುದು ಮೂಲತಃ ಒಂದು ಬರಹ. ತಾವು ಎದುರಿಗಿಲ್ಲದ ಕಾಲದಲ್ಲಿಯೂ ತಮ್ಮ ಇಚ್ಛೆಯು ನಡೆದುಬರಬೇಕೆಂದು ಈ ದತ್ತಿಯನ್ನು ಸ್ಥಾಪಿಸಿದ ಹಿರಿಯರು ಕಾಗದದಲ್ಲಿ ಕಾಣಿಸಿದುದರ ಫಲವಾಗಿ ನಾವಿಂದು ಇಲ್ಲಿ ನೆರೆದಿದ್ದೇವೆ. ಆ ಕಾಗದವಿಲ್ಲದಿದ್ದರೆ ಈ ಸಭೆಯಿಲ್ಲ, ಅವರು ಎಂದೆಂದಿಗೂ ನಮ್ಮ ನಡುವೆಯೇ ಇರುವಂತಿದ್ದರೆ ಕಾಗದದ ಅಗತ್ಯವೂ ಇರಲಿಲ್ಲ. ಎಲ್ಲರಿಗೂ ತಿಳಿದ ಈ ಸಂಗತಿಯಲ್ಲಿಯೇ ನಾನು ಆರಿಸಿಕೊಂಡಿರುವ ವಿಷಯದ ಬೀಜವೂ ಅಡಗಿರುವುದರಿಂದ, ಅಲ್ಲಿಂದಲೇ ಹೊರಡಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ.

ಕಥೆಯನ್ನು ಕಥೆಗಾರನೇ ನಿಂತು ಹೇಳದೆ, ಪಾತ್ರಗಳು ಬರೆದ ಪತ್ರಗಳನ್ನೋ ದಿನಚರಿಯ ಪುಟಗಳನ್ನೋ, ಉಯಿಲು, ತಂತಿ, ಕಚೇರಿಯ ಆಜ್ಞೆ, ಅಟ್ಟದಲ್ಲಿ ಸಿಕ್ಕಿದ ಕೈಬರಹದ ಕಟ್ಟು ಮೊದಲಾದುವನ್ನೋ ಓದುಗನ ಮುಂದಿಟ್ಟು, ತಾನು ಮರೆಗೆ ಸರಿದುನಿಲ್ಲುವ ಪದ್ಧತಿಯೊಂದು ಲೋಕದ ಕಥಾಸಾಹಿತ್ಯದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕಟ್ಟುಕಥೆಯನ್ನು ನಿಜವೆಂದು ನಂಬಿಸುವುದಕ್ಕೆ ಇದೊಂದು ಉಪಾಯವೆಂಬುದು ಸಾಮಾನ್ಯವಾದ ಅಭಿಪ್ರಾಯ. ಆ ಅಭಿಪ್ರಾಯದಲ್ಲಿ ಸತ್ಯಾಂಶವುಂಟು. ಆದರೆ ಅದು ವಿಷಯದ ಹೊರಬಾಗಿಲಿನವರೆಗೆ ಮಾತ್ರ ನಮ್ಮನ್ನು ಕರೆದೊಯ್ಯುತ್ತದೆ. ನನ್ನ ಅರಿಕೆಯೇನೆಂದರೆ, ಈ ಪದ್ಧತಿಯು ಅಗಲಿಕೆಯಿಂದ ಹುಟ್ಟಿದ ಕಲೆ. ಇಬ್ಬರು ಅಗಲಿದಾಗ ಪತ್ರವು ಹುಟ್ಟುತ್ತದೆ. ಒಬ್ಬನು ತನ್ನಿಂದ ತಾನೇ ದೂರ ಸರಿದು ತನ್ನನ್ನು ನೋಡಿಕೊಂಡಾಗ ದಿನಚರಿಯು ಹುಟ್ಟುತ್ತದೆ. ಬರೆದವನು ಲೋಕವನ್ನೇ ಅಗಲಿದ ಮೇಲೆ ಅವೆರಡೂ ದಾಖಲೆಗಳೆನಿಸಿಕೊಂಡು ಮೂರನೆಯವನ ಕೈಗೆ ಬರುತ್ತವೆ. ಆ ಮೂರನೆಯವನೇ ಓದುಗ. ಅವನ ಸ್ಥಾನವೇನು, ಹೊಣೆಯೇನು ಎಂಬುದನ್ನು ನಮ್ಮ ಸಾಹಿತ್ಯದ ಕೆಲವು ನಿದರ್ಶನಗಳಿಂದ, ಅದರಲ್ಲಿಯೂ ಈ ಪಡುಗಡಲಿನ ಕರೆಯ ನಿದರ್ಶನಗಳಿಂದ, ವಿಚಾರಮಾಡಿ ನೋಡೋಣ.

೧

ನಮ್ಮ ಪ್ರಾಚೀನರು ಪತ್ರವನ್ನು ಕಥೆಯೊಳಗೆ ಧಾರಾಳವಾಗಿ ತಂದಿದ್ದಾರೆ. ಕಾಳಿದಾಸನ ಶಕುಂತಲೆಯು ತಾವರೆಯ ಎಲೆಯ ಮೇಲೆ ಉಗುರಿನಿಂದ ಮದನಲೇಖವನ್ನು ಬರೆಯುತ್ತಾಳೆ. ಭಾಗವತದ ರುಕ್ಮಿಣಿಯು ಬ್ರಾಹ್ಮಣನ ಮೂಲಕ ದ್ವಾರಕೆಗೆ ತನ್ನ ಬಿನ್ನಹವನ್ನು ಕಳುಹಿಸುತ್ತಾಳೆ. ಇವು ಪ್ರೇಮದ ಪತ್ರಗಳಾದುದರಿಂದ ಇವುಗಳ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಪತ್ರವೆಂಬ ವಸ್ತುವಿನ ಸ್ವಭಾವವನ್ನೇ ಒರೆಗೆ ಹಚ್ಚಿ ನೋಡಿದ ಕವಿಯೆಂದರೆ ಮುದ್ರಾರಾಕ್ಷಸದ ವಿಶಾಖದತ್ತನು.

ಆ ನಾಟಕದ ಸಂವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ. ನಂದರ ಅಮಾತ್ಯನಾದ ರಾಕ್ಷಸನು ಪಾಟಲಿಪುತ್ರವನ್ನು ಬಿಟ್ಟುಹೋಗುವಾಗ ತನ್ನ ಸಂಸಾರವನ್ನು ಮಿತ್ರನಾದ ಚಂದನದಾಸನ ಮನೆಯಲ್ಲಿ ಬಿಟ್ಟಿದ್ದಾನೆ. ಬಾಗಿಲ ಹೊರಗೆ ಓಡಿಬಂದ ಮಗುವನ್ನು ಒಳಕ್ಕೆ ಎಳೆದುಕೊಳ್ಳುವ ಆತುರದಲ್ಲಿ ರಾಕ್ಷಸನ ಹೆಂಡತಿಯ ಬೆರಳಿನಿಂದ ಮುದ್ರೆಯುಂಗುರವು ಜಾರಿಬೀಳುತ್ತದೆ. ಯಮಪಟವನ್ನು ಹಿಡಿದು ಮನೆಮನೆ ತಿರುಗುತ್ತಿದ್ದ ಗೂಢಚಾರನು ಅದನ್ನು ತಂದು ರಾಕ್ಷಸನ ಎದುರಾಳಿಯಾದ ಚಾಣಕ್ಯನಿಗೆ ಒಪ್ಪಿಸುತ್ತಾನೆ. ಚಾಣಕ್ಯನು ಆಗ ಮಾಡಿದುದೇನು? ಬರೆದವರಾರು, ಬರೆದುದು ಯಾರಿಗೆ ಎಂಬುದಿಲ್ಲದ ಒಂದು ಪತ್ರವನ್ನು ಕಲ್ಪಿಸಿ, ಅದನ್ನು ರಾಕ್ಷಸನ ಆಪ್ತನಾದ ಶಕಟದಾಸನ ಕೈಯಿಂದಲೇ ಉಪಾಯದಿಂದ ಬರೆಯಿಸಿ, ರಾಕ್ಷಸನ ಮುದ್ರೆಯನ್ನು ಒತ್ತಿಸುತ್ತಾನೆ. ಮುಂದೆ ಆ ಪತ್ರವು ರಾಕ್ಷಸನ ಪಕ್ಷದ ರಾಜಪುತ್ರನಾದ ಮಲಯಕೇತುವಿನ ಕೈಸೇರಿದಾಗ ಅವನು ದುಡುಕುವುದಿಲ್ಲ. ಶಕಟದಾಸನ ಬೇರೊಂದು ಬರಹವನ್ನು ತರಿಸಿ ಅಕ್ಷರಕ್ಕೆ ಅಕ್ಷರವನ್ನು ತಾಳೆನೋಡುತ್ತಾನೆ. ಅಕ್ಷರವು ನಿಜ, ಮುದ್ರೆಯು ನಿಜ, ಕಾಗದವನ್ನು ಹಿಡಿದ ಆಳು ನಿಜ, ಸುಳ್ಳಾದುದು ಪತ್ರವೊಂದೇ. ದಾಖಲೆಯ ಅಂಗಾಂಗಗಳೆಲ್ಲವೂ ಸಾಚಾ ಆಗಿದ್ದು ಒಟ್ಟು ದಾಖಲೆಯು ಮಾತ್ರ ಕಲ್ಪಿತವಾಗಿರಬಹುದೆಂಬ ಈ ತಿಳಿವು, ಪತ್ರರೂಪದ ಕಾದಂಬರಿಯನ್ನು ಬರೆಯಹೊರಟ ಯಾವ ಲೇಖಕನಿಗೂ ಮೊದಲ ಪಾಠವಾಗತಕ್ಕದ್ದು. ಈ ಕಥೆಯು ಕನ್ನಡಕ್ಕೆ ಬಂದುದು ಕೂಡ ಗಮನಾರ್ಹವಾದ ಸಂಧಿಕಾಲದಲ್ಲಿ. ೧೮೨೩ರಲ್ಲಿ ಕೆಂಪುನಾರಾಯಣನು ರಚಿಸಿದ ‘ಮುದ್ರಾಮಂಜೂಷ’ವು ಹೊಸಗನ್ನಡ ಗದ್ಯದ ಹೊಸ್ತಿಲಲ್ಲಿ ನಿಂತಿರುವ ಗ್ರಂಥ. ನಮ್ಮ ಹೊಸ ಗದ್ಯದ ಕಥನವು ಮುದ್ರೆಯೊತ್ತಿದ ಒಂದು ಕೃತಕ ಪತ್ರದ ಸುತ್ತ ಹೆಣೆದ ವಸ್ತುವಿನಿಂದ ಮೊದಲಾಯಿತೆಂಬುದು ಕೇವಲ ಆಕಸ್ಮಿಕವಿರಬಹುದು. ಆದರೆ ಶುಭಸೂಚಕವಾದ ಆಕಸ್ಮಿಕ.

ಇನ್ನೊಂದು ನಿದರ್ಶನವು ಯಕ್ಷಗಾನವನ್ನು ನೋಡಿ ಬೆಳೆದ ಈ ನಾಡಿನ ಮಕ್ಕಳಿಗೂ ಗೊತ್ತಿರುವಂಥದು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನು, ತನ್ನ ಮರಣಾಜ್ಞೆಯನ್ನು ತಾನೇ ಹೊತ್ತು ಕುಂತಳಪುರದ ಉದ್ಯಾನದಲ್ಲಿ ನಿದ್ರೆಹೋಗಿದ್ದಾನೆ. ಮಂತ್ರಿಯಾದ ದುಷ್ಟಬುದ್ಧಿಯು ಮಗನಿಗೆ ಬರೆದ ಪತ್ರವನ್ನು ಮಗಳಾದ ವಿಷಯೆಯು ಓದಿ, ಕಣ್ಣಕಾಡಿಗೆಯಿಂದ ಒಂದಕ್ಷರವನ್ನು ತಿದ್ದಿ, ಸಾವನ್ನು ಮದುವೆಯಾಗಿ ಮಾರ್ಪಡಿಸುತ್ತಾಳೆ. ಬರೆದವನ ಉದ್ದೇಶವೇ ಪತ್ರದ ಅರ್ಥವೆಂಬ ನಂಬಿಕೆಯು ಇಲ್ಲಿ ಕುಸಿದುಬೀಳುತ್ತದೆ. ತನಗಾಗಿ ಬರೆಯದ ಪತ್ರವನ್ನು ತೆರೆದು ಓದಿದವಳು ಆ ಪತ್ರದ ಎರಡನೆಯ ಕರ್ತೃವಾಗಿ ಪರಿಣಮಿಸುತ್ತಾಳೆ. ಪತ್ರರೂಪದ ಕಾದಂಬರಿಯ ಓದುಗನೂ ತನಗೆ ಬರೆಯದ ಪತ್ರಗಳನ್ನೇ ಓದುವವನಾದುದರಿಂದ, ಅವನು ವಿಷಯೆಯ ಒಕ್ಕಲಿಗೆ ಸೇರಿದವನೆಂದು ಹೇಳಬಹುದು.

೨

ಪಶ್ಚಿಮದಲ್ಲಿ ಈ ಪದ್ಧತಿಯು ಸ್ವತಂತ್ರವಾದ ಪ್ರಕಾರವಾಗಿ ಬೆಳೆದ ಕಥೆಯನ್ನು ವಿಸ್ತರಿಸುವುದಕ್ಕೆ ಇದು ಸಮಯವಲ್ಲ. ಲಂಡನ್ನಿನ ಮುದ್ರಕನಾದ ಸ್ಯಾಮ್ಯುಯೆಲ್ ರಿಚರ್ಡ್‌ಸನ್ನನು, ಹಳ್ಳಿಗರಿಗೆ ಉಪಯೋಗವಾಗಲೆಂದು ಮಾದರಿಯ ಪತ್ರಗಳ ಪುಸ್ತಕವೊಂದನ್ನು ಪುಸ್ತಕವ್ಯಾಪಾರಿಗಳ ಕೋರಿಕೆಯ ಮೇರೆಗೆ ಸಿದ್ಧಪಡಿಸುತ್ತಿದ್ದಾಗ, ಅದೇ ಕೆಲಸದ ನಡುವೆ ‘ಪಮೆಲಾ’ ಎಂಬ ಕಾದಂಬರಿಯು ಹೊಳೆದು ೧೭೪೦ರಲ್ಲಿ ಅಚ್ಚಾಯಿತೆಂಬುದನ್ನು ಮಾತ್ರ ನೆನೆಯೋಣ. ಆಪತ್ತು ಬಾಗಿಲಲ್ಲಿ ನಿಂತಿರುವಾಗಲೂ ನಾಯಿಕೆಯು ಲೇಖನಿಯನ್ನು ಕೆಳಗಿಡದಿರುವ ಅಸಂಬದ್ಧತೆಯನ್ನು ಹೆನ್ರಿ ಫೀಲ್ಡಿಂಗನು ಮರುವರ್ಷವೇ ‘ಶಮೆಲಾ’ ಎಂಬ ಅಣಕದಲ್ಲಿ ಹಾಸ್ಯಮಾಡಿದನು. ಆ ಹಾಸ್ಯವು ನ್ಯಾಯವಾದುದೇ. ಬರೆಯುವುದಕ್ಕೆ ಬಿಡುವು ಬೇಕು, ದೂರ ಬೇಕು. ೧೭೮೨ರಲ್ಲಿ ಫ್ರಾನ್ಸಿನ ಲಾಕ್ಲೋ ಬರೆದ ಕಾದಂಬರಿಯಲ್ಲಿ ಪತ್ರಗಳು ಕಪಟದ ಆಯುಧಗಳಾದವು. ೧೮೯೭ರಲ್ಲಿ ಬ್ರ್ಯಾಮ್ ಸ್ಟೋಕರನ ‘ಡ್ರಾಕುಲಾ’ದಲ್ಲಿ ದಿನಚರಿ, ತಂತಿ, ವೃತ್ತಪತ್ರಿಕೆಯ ತುಣುಕು, ಧ್ವನಿಮುದ್ರಿಕೆ ಇವೆಲ್ಲವೂ ಸೇರಿದವು. ಆ ಗ್ರಂಥದ ಕೊನೆಯ ಟಿಪ್ಪಣಿಯಲ್ಲಿ, ಇಷ್ಟೆಲ್ಲ ಕಾಗದಗಳಿದ್ದರೂ ಇವು ಬೆರಳಚ್ಚಿನ ಪ್ರತಿಗಳೇ ಹೊರತು ಮೂಲದಾಖಲೆಯೆಂದು ತೋರಿಸಲು ಹೆಚ್ಚೇನೂ ಉಳಿದಿಲ್ಲವೆಂದು ಪಾತ್ರವೊಂದು ಒಪ್ಪಿಕೊಳ್ಳುತ್ತದೆ. ವಿಶಾಖದತ್ತನು ನಕ್ಕು ತಲೆದೂಗಬಹುದಾದ ಮಾತು.

ನಮ್ಮ ದೇಶದ ಒಂದು ಪುಟ್ಟ ಕೃತಿಯು ನನ್ನ ಅರಿಕೆಗೆ ಇವೆಲ್ಲಕ್ಕಿಂತ ಬಲವಾದ ಆಧಾರವನ್ನು ಒದಗಿಸುತ್ತದೆ. ರವೀಂದ್ರನಾಥ ಠಾಕೂರರು ೧೯೧೪ರಲ್ಲಿ ಬರೆದ ‘ಸ್ತ್ರೀರ್ ಪತ್ರ’ ಎಂಬ ಕಥೆಯು ಮೃಣಾಲ ಎಂಬ ಗೃಹಿಣಿಯು ಪುರಿಯಿಂದ ಗಂಡನಿಗೆ ಬರೆದ ಒಂದೇ ಪತ್ರ. ಮದುವೆಯಾಗಿ ಹದಿನೈದು ವರ್ಷ ಕಳೆದರೂ ಅವಳು ಗಂಡನಿಗೆ ಪತ್ರ ಬರೆದಿರಲಿಲ್ಲ. ಏಕೆಂದರೆ ಅವನ ಬಳಿಯಲ್ಲಿಯೇ ಇದ್ದಳು. ಬಳಿಯಲ್ಲಿದ್ದಷ್ಟು ಕಾಲ ಹೇಳಲಾಗದೆ ಹೋದ ಮಾತುಗಳನ್ನೆಲ್ಲ ಹೇಳುವುದಕ್ಕೆ ಅವಳು ಮೊದಲು ಅವನಿಂದ ದೂರ ಬರಬೇಕಾಯಿತು. ಹೆಂಡತಿಯು ಗಂಡನಿಗೆ ಬರೆಯುವ ಪತ್ರದ ಕೊನೆಯಲ್ಲಿ ಸಲ್ಲುವ ಸಂಪ್ರದಾಯದ ಒಕ್ಕಣೆಯನ್ನು ಅವಳು ತಿರುವುಮುರುವು ಮಾಡಿ ಸಹಿಹಾಕುವಲ್ಲಿ ಕಥೆಯ ಸಮಸ್ತ ಶಕ್ತಿಯೂ ಅಡಗಿದೆ. ಪತ್ರಕ್ಕೆ ರೂಢಿಯ ಒಕ್ಕಣೆಯೊಂದು ಇರುವುದರಿಂದಲೇ ಅದನ್ನು ಮುರಿಯುವುದಕ್ಕೆ ಅಷ್ಟು ಅರ್ಥ ಬರುತ್ತದೆಯೆಂಬುದನ್ನು ಇಲ್ಲಿ ಗುರುತಿಸಿಕೊಂಡು ಮುಂದುವರಿಯೋಣ.

೩

ಇನ್ನು ನಮ್ಮ ಊರ ಸುತ್ತಿನ ಮಾತು. ಪಡುಬಿದ್ರಿಯಿಂದ ಕಾರ್ಕಳದ ದಾರಿ ಹಿಡಿದು ಬೆಳ್ಮಣ್ಣಿನ ಆಚೆಗೆ ಹೋದರೆ ನಂದಳಿಕೆ. ಅಲ್ಲಿ ೧೮೭೦ರಲ್ಲಿ ಹುಟ್ಟಿ, ಉಡುಪಿ ಕುಂದಾಪುರಗಳ ಶಾಲೆಗಳಲ್ಲಿ ಉಪಾಧ್ಯಾಯನಾಗಿ, ಬಡತನದಲ್ಲಿಯೂ ರೋಗದಲ್ಲಿಯೂ ಬಳಲಿ, ೧೯೦೧ರಲ್ಲಿ ಮೂವತ್ತೊಂದರ ಎಳೆವಯಸ್ಸಿನಲ್ಲಿ ತೀರಿಕೊಂಡ ಲಕ್ಷ್ಮೀನಾರಣಪ್ಪನನ್ನು ಕನ್ನಡಿಗರು ಮುದ್ದಣನೆಂದು ಬಲ್ಲರು. ಈತನು ಪತ್ರರೂಪದ ಕಥೆಯನ್ನು ಬರೆದವನಲ್ಲ. ಆದರೆ ದಾಖಲೆಯ ಕಲೆಯನ್ನು ಪುಸ್ತಕದ ಹೊರಗೆ, ತನ್ನ ಬಾಳಿನಲ್ಲಿಯೇ ಆಡಿ ತೋರಿಸಿದನು.

ಹಳಗನ್ನಡ ಕಾವ್ಯಗಳನ್ನು ಹುಡುಕಿ ಅಚ್ಚುಹಾಕಿಸುವ ಉದ್ದೇಶದಿಂದ ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ‘ಕರ್ಣಾಟಕ ಕಾವ್ಯಮಂಜರಿ’ ಎಂಬ ಮಾಸಪತ್ರಿಕೆಯನ್ನು ನಡೆಸುತ್ತಿದ್ದರಷ್ಟೆ. ಅದಕ್ಕೆ ಕರಾವಳಿಯಿಂದ ಹಳಗನ್ನಡದ ಕೃತಿಗಳು ಅಂಚೆಯಲ್ಲಿ ಹೋಗಿ ಸೇರಿದವು: ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ಕಡೆಗೆ ‘ಶ್ರೀರಾಮಾಶ್ವಮೇಧ’. ಕಳುಹಿಸಿದವನು ಇವು ತನ್ನವೆಂದು ಹೇಳಿಕೊಳ್ಳಲಿಲ್ಲ. ಚಕ್ರಧಾರಿಯೆಂಬ ಹೆಸರಿನ ಹಿಂದೆ ತಾನು ಅಡಗಿದನು. ಪಟ್ಟಾಭಿಷೇಕಕ್ಕೆ ಮಹಾಲಕ್ಷ್ಮಿಯೆಂಬ ಹೆಸರನ್ನು ಕಟ್ಟಿದನು, ಅದು ಅವನ ತಾಯಿಯ ಹೆಸರು. ಸಂಪಾದಕರು ಹಳೆಯ ಕವಿಯೊಬ್ಬನ ಪ್ರತಿಯು ದೊರೆಯಿತೆಂದು ಸಂತೋಷದಿಂದ ಅಚ್ಚುಹಾಕಿದರು. ಕವಿಯು ಯಾರೆಂಬ ಸತ್ಯವು ಲೋಕಕ್ಕೆ ನೆಲೆಯಾಗಿ ತಿಳಿದುದು ಅವನು ಕಣ್ಮುಚ್ಚಿದ ಬಳಿಕ.

ಸ್ಪೇನಿನ ಸೆರ್ವಾಂಟಿಸನು ೧೬೦೫ರ ತನ್ನ ಮಹಾಗ್ರಂಥವು ಅರಬ್ಬೀ ಭಾಷೆಯ ಹಸ್ತಪ್ರತಿಯೊಂದರಿಂದ ಬಂದುದೆಂದು ನಟಿಸಿದಾಗ ಓದುಗನೂ ಕೂಡಿಯೇ ನಕ್ಕನು. ಅದು ಇಬ್ಬರಿಗೂ ತಿಳಿದ ಆಟ. ಮುದ್ದಣನ ಆಟದಲ್ಲಿ ಓದುಗನಿಗೆ ಪಾಲಿರಲಿಲ್ಲ. ಆದರೂ ಶ್ರೀರಾಮಾಶ್ವಮೇಧವನ್ನು ತೆರೆದವರಿಗೆ ಗುಟ್ಟು ಒಳಗಿನಿಂದಲೇ ಹೊರಬೀಳುತ್ತದೆ. ಕಥೆ ಹೇಳುವ ಗಂಡ ಮುದ್ದಣ, ಕೇಳುವ ಹೆಂಡತಿ ಮನೋರಮೆ, ಹೊರಗೆ ಮಳೆಗಾಲ, ದಣಿದು ಬಂದವನಿಗೆ ಉಪಚಾರಮಾಡಿ ಅವಳು ಕಥೆಗಾಗಿ ಕಾಡುತ್ತಾಳೆ, ಪದ್ಯ ಬೇಡ ಗದ್ಯವೇ ಇರಲೆಂದು ಹಟಹಿಡಿಯುತ್ತಾಳೆ, ಸಂಸ್ಕೃತವು ಹೆಚ್ಚಾದರೆ ಮೂದಲಿಸುತ್ತಾಳೆ, ಕಥೆಯ ನಡುವೆ ಬಾಯಿಹಾಕಿ ಕೆಣಕುತ್ತಾಳೆ. ಈ ಸರಸವು ಯಾವ ಹಳಗನ್ನಡ ಕವಿಗೂ ಹೊಳೆದಿರಲಿಲ್ಲ. ಪ್ರತಿಯು ಪುರಾತನವೆಂದು ಹೊದಿಕೆಯು ಹೇಳುತ್ತಿರಲು, ಹತ್ತೊಂಬತ್ತನೆಯ ಶತಮಾನದ ಕೊನೆಯ ದಂಪತಿಗಳ ಮನೆಯ ಮಾತು ಒಳಗಿನಿಂದ ಕೇಳಿಬರುತ್ತದೆ. ದಾಖಲೆಯನ್ನು ಕಲ್ಪಿಸುವವನು ಲಿಪಿ, ಭಾಷೆ, ಕಾಲ ಇವೆಲ್ಲವನ್ನೂ ಮರೆಮಾಚಬಲ್ಲನು. ತನ್ನ ದನಿಯನ್ನು ಮರೆಮಾಚಲಾರನು. ಅದೇ ವರ್ಷಗಳಲ್ಲಿ, ೧೮೯೯ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ಒಬ್ಬರು ತಮ್ಮ ಕಾಲದ ಸಂಸಾರವನ್ನು ತಮ್ಮ ಹೆಸರಿನಲ್ಲಿಯೇ ಬರೆದರು. ಇನ್ನೊಬ್ಬನು ತನ್ನ ಕಾಲದ ಸಂಸಾರವನ್ನು ಹಳೆಯ ಓಲೆಯ ವೇಷದಲ್ಲಿ ಬರೆದನು. ಇಬ್ಬರಿಂದಲೂ ಹೊಸಗನ್ನಡ ಗದ್ಯಕ್ಕೆ ಉಪಕಾರವಾಯಿತು.

ಕಲ್ಪಿತವಾದ ದಾಖಲೆಯು ಸಾಹಿತ್ಯದ ಎಲ್ಲೆಯನ್ನು ಮೀರಿ ಸಂಸಾರವನ್ನೇ ಆಳಿದ ನಿದರ್ಶನವೂ ನಮ್ಮಲ್ಲಿಲ್ಲದಿಲ್ಲ. ಅಳಿಯಸಂತಾನದ ಕ್ರಮವನ್ನು ವಿಧಿಸಿದನೆಂಬ ಭೂತಾಳಪಾಂಡ್ಯನ ಹೆಸರಿನ ಕಟ್ಟುಕಟ್ಟಳೆಯು, ಹಡಗು, ಕುಂಡೋದರನೆಂಬ ಭೂತ, ಬಲಿಗೆ ಮಗನನ್ನು ಕೊಡಲೊಪ್ಪದ ಹೆಂಡತಿ, ಕೊಟ್ಟ ತಂಗಿ ಇವರನ್ನೊಳಗೊಂಡ ಒಂದು ಅದ್ಭುತ ಕಥೆ. ಅದರ ಪ್ರಾಚೀನತೆಯನ್ನು ವಿದ್ವಾಂಸರು ಸಂಶಯಿಸಿದರು. ಆದರೂ ಅದು ಕುಟುಂಬಗಳ ಬಾಯಲ್ಲಿಯೂ ವ್ಯವಹಾರಗಳಲ್ಲಿಯೂ ಪ್ರಮಾಣವೆನಿಸಿ ಉಳಿಯಿತು. ಕಥೆಯು ಕಟ್ಟಳೆಯ ರೂಪವನ್ನು ತಾಳಿದಾಗ ಅದಕ್ಕೆ ಎಂಥ ಬಲ ಬರುತ್ತದೆಂಬುದನ್ನು ತುಳುನಾಡಿನ ಗುತ್ತುಬೀಡುಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

೪

ಕನ್ನಡ ಕಾದಂಬರಿಯಲ್ಲಿ ಈ ಪದ್ಧತಿಯು ಪರಿಪಕ್ವವಾದ ಫಲವನ್ನು ಕೊಟ್ಟುದನ್ನು ನೋಡಬೇಕಾದರೆ ಕೋಟದ ಶಿವರಾಮ ಕಾರಂತರಲ್ಲಿಗೆ ಹೋಗಬೇಕು. ೧೯೬೦ರಲ್ಲಿ ಬಂದ ‘ಅಳಿದ ಮೇಲೆ’ ಎಂಬ ಕಾದಂಬರಿಯಲ್ಲಿ, ಕಥೆಯನ್ನು ಹೇಳುವವನಿಗೆ ಯಶವಂತರಾಯನೆಂಬಾತನ ಪರಿಚಯವಾದುದು ಪ್ರಯಾಣದಲ್ಲಿ. ಪರಿಚಯವು ಸ್ನೇಹವಾದರೂ ಅವನ ಪೂರ್ವವೃತ್ತಾಂತವು ತಿಳಿಯದು. ಮುಂದೆ ಮುಂಬಯಿಯಲ್ಲಿ ಯಶವಂತರಾಯನು ತೀರಿಕೊಂಡಾಗ ಅವನು ಬಿಟ್ಟುಹೋದ ಬರಹಗಳು, ಚಿತ್ರಗಳು, ಹಣ ಇವುಗಳ ಹೊಣೆಯು ಈ ಗೆಳೆಯನ ಮೇಲೆ ಬೀಳುತ್ತದೆ. ದಿನಚರಿಯಿದೆ, ಆದರೆ ಅದರಲ್ಲಿ ಆಲೋಚನೆಗಳು ಹೆಚ್ಚು, ಘಟನೆಗಳು ಕಡಿಮೆ. ಹೆಸರುಗಳಿವೆ, ಆ ಹೆಸರಿನವರು ಅವನಿಗೆ ಏನಾಗಬೇಕೆಂಬ ವಿವರವಿಲ್ಲ. ಅವನು ಕೆಲವರಿಗೆ ತಪ್ಪದೆ ಹಣ ಕಳುಹಿಸುತ್ತಿದ್ದನು, ಏಕೆಂಬುದು ಕಾಗದದಲ್ಲಿಲ್ಲ.

ಇಲ್ಲಿಯೇ ಕಾರಂತರ ಪ್ರತಿಭೆಯು ತನ್ನ ವೈಶಿಷ್ಟ್ಯವನ್ನು ತೋರುತ್ತದೆ. ಬೇರೊಬ್ಬ ಲೇಖಕನಾಗಿದ್ದರೆ ದಿನಚರಿಯನ್ನೇ ತುಂಬಿಸಿ, ಸತ್ತವನ ಜೀವನವನ್ನೆಲ್ಲ ಅದರ ಬಾಯಿಂದಲೇ ಹೇಳಿಸಿಬಿಡುತ್ತಿದ್ದನು. ಕಾರಂತರು ಹಾಗೆ ಮಾಡಲಿಲ್ಲ. ಅವರ ನಿರೂಪಕನು ಕಾಗದವನ್ನು ಮಡಚಿಟ್ಟು ಊರೂರು ಅಲೆಯುತ್ತಾನೆ. ಯಶವಂತನನ್ನು ಸಾಕಿ ಬೆಳೆಯಿಸಿದ ಪಾರ್ವತಮ್ಮನನ್ನು ಕಾಣುತ್ತಾನೆ, ಅವನ ಬಂಧುಗಳನ್ನೂ ಅವನಿಂದ ನೊಂದವರನ್ನೂ ಕಾಣುತ್ತಾನೆ. ಒಬ್ಬೊಬ್ಬರ ಬಾಯಲ್ಲಿಯೂ ಯಶವಂತನು ಒಂದೊಂದು ಬಗೆಯವನು. ದಿನಚರಿಯು ಪ್ರಶ್ನೆಗಳನ್ನು ಕೊಟ್ಟಿತು. ಉತ್ತರಗಳಿಗಾಗಿ ಕಾಲುಗಳು ಸವೆಯಬೇಕಾಯ್ತು. ದಾಖಲೆಯು ಎಷ್ಟು ಅಸಮರ್ಪಕವಾದುದೆಂಬುದನ್ನು ದಾಖಲೆಯ ಮೂಲಕವೇ ತೋರಿಸಿದುದು ಈ ಕೃತಿಯ ಹಿರಿಮೆ.

ಮತ್ತೊಂದು ಅಂಶವು ಇದಕ್ಕಿಂತಲೂ ಸೂಕ್ಷ್ಮವಾದುದು. ಯಶವಂತರಾಯನ ಮನಸ್ಸನ್ನು ಕೊರೆಯುತ್ತಿದ್ದುದು ಋಣದ ಚಿಂತೆ: ಲೋಕದಿಂದ ತಾನು ಪಡೆದುದೆಷ್ಟು, ಲೋಕಕ್ಕೆ ತಾನು ಹಿಂದಿರುಗಿಸಿದುದೆಷ್ಟು ಎಂಬ ಲೆಕ್ಕ. ಅವನ ಬರಹವನ್ನು ಓದಿದ ಗೆಳೆಯನು ಆ ಲೆಕ್ಕದ ವಾರಸುದಾರನಾಗುತ್ತಾನೆ; ಸತ್ತವನ ಹಣವನ್ನು ಯಾರಿಗೆ ಯಾವ ಬಗೆಯಲ್ಲಿ ಸಲ್ಲಿಸಬೇಕೆಂಬುದನ್ನು ನಿಶ್ಚಯಿಸುವ ಭಾರ ಅವನದು. ಪರರ ದಿನಚರಿಯನ್ನು ಓದುವುದು ಕುತೂಹಲದ ಕೆಲಸವೆಂದು ತಿಳಿದವರಿಗೆ, ಅದು ಹೊಣೆಯ ಕೆಲಸವೆಂದು ಕಾರಂತರು ಕಾಣಿಸಿಕೊಟ್ಟರು. ವಿಷಯೆಯು ಪತ್ರವನ್ನು ತಿದ್ದಿದಳು. ಕಾರಂತರ ನಿರೂಪಕನು ಪತ್ರವನ್ನು ಸಲ್ಲಿಸಿದನು. ಓದುಗನ ಎರಡು ಧರ್ಮಗಳು ಇವು.

ಇದೇ ಮುಂಬಯಿಯಲ್ಲಿ, ಉತ್ತರ ಕನ್ನಡದ ಹನೇಹಳ್ಳಿಯಿಂದ ಹೋಗಿ ನೆಲೆಸಿದ ಯಶವಂತ ಚಿತ್ತಾಲರು ೧೯೭೯ರ ‘ಶಿಕಾರಿ’ಯಲ್ಲಿ ಬೇರೊಂದು ಜಾತಿಯ ದಾಖಲೆಯನ್ನು ನಮ್ಮ ಮುಂದಿಟ್ಟರು. ನಾಗಪ್ಪನೆಂಬ ಅಧಿಕಾರಿಯನ್ನು ಕಂಪನಿಯು ಪತ್ರವೊಂದರ ಮೂಲಕ ಕೆಲಸದಿಂದ ಅಮಾನತಿನಲ್ಲಿಡುತ್ತದೆ. ಅದರ ಕೆಳಗೆ ಸಹಿಯೇನೋ ಇದೆ, ಬರೆದ ಮನುಷ್ಯನು ಮಾತ್ರ ಎಲ್ಲಿಯೂ ಕೈಗೆ ಸಿಕ್ಕುವುದಿಲ್ಲ. ಶಬ್ದಗಳೆಲ್ಲ ವಿನಯದಿಂದ ಕೂಡಿದವು, ಉದ್ದೇಶವೆಲ್ಲ ಬೇಟೆಯದು. ಪ್ರೇಮದ ಓಲೆಯನ್ನು ಎಷ್ಟು ಬಾರಿ ಓದಿದರೂ ಬರೆದವರ ಮುಖವು ಕಾಣುವಂತೆ, ಕಚೇರಿಯ ಓಲೆಯನ್ನು ಎಷ್ಟು ಬಾರಿ ಓದಿದರೂ ಓದುವವನ ಭಯವೇ ಅವನಿಗೆ ಕಾಣುತ್ತದೆ. ಅಮೆರಿಕದ ಶಿಕಾಗೋದಲ್ಲಿ ಅಧ್ಯಾಪಕರಾಗಿದ್ದ ಮೈಸೂರಿನ ಎ. ಕೆ. ರಾಮಾನುಜನ್ನರು ೧೯೭೮ರಲ್ಲಿ ಪ್ರಕಟಿಸಿದ ‘ಮತ್ತೊಬ್ಬನ ಆತ್ಮಚರಿತ್ರೆ’ಯಾದರೋ ಈ ಆಟವನ್ನು ತನ್ನ ಹೆಸರಿನವರೆಗೆ ಕೊಂಡೊಯ್ದಿತು, ಅಲ್ಲಿ ತನ್ನ ಕಥೆಯನ್ನು ಹೇಳಿಕೊಳ್ಳುವವನೂ ಒಬ್ಬ ರಾಮಾನುಜನ್ನನೇ, ಆದರೆ ಮತ್ತೊಬ್ಬನು. ಒಬ್ಬನು ತನ್ನಿಂದ ತಾನೇ ಅಗಲಿದಾಗ ದಿನಚರಿಯು ಹುಟ್ಟುತ್ತದೆಂದು ನಾನು ಆರಂಭದಲ್ಲಿ ಅಂದುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆಯು ಕನ್ನಡದಲ್ಲಿ ದೊರೆಯದು.

೫

ಇಷ್ಟು ಪುಸ್ತಕಗಳ ಮಾತಾಯಿತು. ಪುಸ್ತಕವಾಗದೆ ಉಳಿದಿರುವ ದಾಖಲೆಗಳ ಒಂದು ದೊಡ್ಡ ಭಂಡಾರವು ಈ ಕರಾವಳಿಯ ಮನೆಗಳಲ್ಲಿದೆ. ಅದರ ಸ್ವರೂಪವನ್ನು ವಿಚಾರಮಾಡದೆ ಈ ವಿಷಯವನ್ನು ಮುಗಿಸುವುದು ಪಡುಬಿದ್ರಿಗೆ ಸಲ್ಲದ ಕೆಲಸವಾದೀತು.

ಮಗನನ್ನೋ ತಮ್ಮನನ್ನೋ ಮುಂಬಯಿಗೆ ಕಳುಹಿಸದ ಮನೆ ಈ ಸೀಮೆಯಲ್ಲಿ ಅಪರೂಪ. ಮೊದಲು ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ, ೧೯೯೮ರಿಂದೀಚೆಗೆ ಕೊಂಕಣ ರೈಲಿನಲ್ಲಿ ಜನರು ಹೋದರು. ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು ಮೇಲೆ ಬಂದರು. ಅವರ ಮತ್ತು ಊರಿನ ನಡುವೆ ಓಡಾಡಿದುದು ಅಂಚೆ. ಮನಿಯಾರ್ಡರಿನ ಫಾರಮಿನ ಬುಡದಲ್ಲಿ ಕಳುಹಿಸುವವನು ನಾಲ್ಕು ಸಾಲು ಬರೆಯಲೆಂದು ಒಂದು ತುಂಡು ಇರುತ್ತಿತ್ತು. ಪೋಸ್ಟ್‌ಮ್ಯಾನು ಹಣವನ್ನು ಎಣಿಸಿಕೊಟ್ಟು, ಹೆಬ್ಬೆಟ್ಟನ್ನು ಒತ್ತಿಸಿಕೊಂಡು, ಆ ತುಂಡನ್ನು ಹರಿದು ಕೊಡುತ್ತಿದ್ದನು. ಹಣವು ಅಂಗಡಿಗೆ ಹೋಗುತ್ತಿತ್ತು, ತುಂಡು ದೇವರ ಪಟದ ಹಿಂದೆ ಉಳಿಯುತ್ತಿತ್ತು. ತಂತಿಯಾದರೆ ಶಬ್ದಕ್ಕಿಷ್ಟೆಂದು ದುಡ್ಡು. ತಾಯಿಗೆ ಅಸೌಖ್ಯ, ಕೂಡಲೆ ಹೊರಡು ಎಂದು ಬಂದರೆ ತಾಯಿ ಇನ್ನಿಲ್ಲವೆಂದು ಎಲ್ಲರೂ ಅರ್ಥಮಾಡಿಕೊಳ್ಳುತ್ತಿದ್ದರು. ಮದುವೆಯ ಕರೆಯೋಲೆಗೆ ಮೂಲೆಯಲ್ಲಿ ಅರಸಿನ ಕುಂಕುಮ. ಸಾವಿನ ಸುದ್ದಿಯ ಕಾರ್ಡಾದರೆ ಓದಿ ಹರಿದುಹಾಕಬೇಕು, ಮನೆಯೊಳಗೆ ಇಡಬಾರದು. ಒಕ್ಕಣೆಯನ್ನು ಓದುವ ಮೊದಲೇ ಕಾಗದವು ಮಾತನಾಡುತ್ತಿತ್ತು. ಶುಭದ ಪತ್ರಗಳು ಉಳಿದು ಅಶುಭದ ಪತ್ರಗಳು ಅಳಿದುದರಿಂದ, ನಮ್ಮ ಪೆಟ್ಟಿಗೆಗಳಲ್ಲಿರುವ ದಾಖಲೆಯು ಅರ್ಧ ಬಾಳನ್ನು ಮಾತ್ರ ಹೇಳುತ್ತದೆಂಬುದನ್ನು ಕಥೆಗಾರನು ಮರೆಯಬಾರದು.

ಆದರೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯು ಭಾಷೆಯದು. ಇಲ್ಲಿನ ಮನೆಗಳಲ್ಲಿ ಆಡುವುದು ತುಳು, ಕೊಂಕಣಿ, ಬ್ಯಾರಿ, ಬರೆಯುವುದು ಕನ್ನಡ. ಶಾಲೆಯ ಬಾಗಿಲಿಗೆ ಹೋಗದ ತಾಯಿಯು ಜಗಲಿಯಲ್ಲಿ ಕುಳಿತು, ನೆರೆಮನೆಯ ಹುಡುಗನನ್ನು ಕರೆಸಿ, ನೀಲಿ ಇನ್‌ಲ್ಯಾಂಡು ಕಾಗದವನ್ನು ಅವನ ಕೈಗೆ ಕೊಟ್ಟು, ತುಳುವಿನಲ್ಲಿ ಹೇಳತೊಡಗುತ್ತಾಳೆ: ಆಟಿಯ ಮಳೆಗೆ ಅಡುಗೆಮನೆಯ ಕಡೆ ಮಾಡು ಸೋರುತ್ತಿದೆ, ತಂಬಿಲಕ್ಕೆ ನೀನು ಬಾರದಿದ್ದರೆ ದೈವದ ಎದುರು ನಿಲ್ಲುವವರಾರು, ಅಷ್ಟಮಿಗೆ ಹಣ ಬರಲಿಲ್ಲ, ಸಿಟ್ಟಿಲ್ಲ, ಮೈ ಹುಷಾರಿದೆಯಷ್ಟೆ? ಹೇಳುತ್ತ ಹೇಳುತ್ತ ಅಳುತ್ತಾಳೆ. ಹುಡುಗನು ಬರೆಯುವುದೇನು? ಮೇಲೆ ‘ಶ್ರೀ’, ಬಲಗಡೆ ‘ಕ್ಷೇಮ’, ಚಿರಂಜೀವಿಗೆ ಆಶೀರ್ವಾದ, ಉಭಯಕುಶಲೋಪರಿ ಸಾಂಪ್ರತ. ಮಾಡು ಸೋರುವುದು ಒಂದು ವಾಕ್ಯವಾಗುತ್ತದೆ, ತಂಬಿಲಕ್ಕೆ ತಪ್ಪದೆ ಬರತಕ್ಕದ್ದು ಎಂಬುದು ಇನ್ನೊಂದು ವಾಕ್ಯವಾಗುತ್ತದೆ. ಅತ್ತುದನ್ನು ಬರೆಯುವ ಬಗೆಯನ್ನು ಮಾಸ್ತರರು ಕಲಿಸಿಲ್ಲವಾದುದರಿಂದ ಅದು ಕಾಗದಕ್ಕೆ ಬರುವುದಿಲ್ಲ. ಅತ್ತ ಮುಂಬಯಿಯಲ್ಲಿ, ಓದುಬರಹ ಇನ್ನೂ ಹತ್ತದ ಮಗನಿಗೆ ಜೊತೆಯ ಕೆಲಸದವನು ಅದನ್ನು ಓದಿ, ಮತ್ತೆ ತುಳುವಿನಲ್ಲಿ ತಿಳಿಹೇಳುತ್ತಾನೆ. ಒಂದು ಪತ್ರಕ್ಕೆ ನಾಲ್ವರು. ಅವರಲ್ಲಿ ಸಂಬಂಧವಿದ್ದವರು ಇಬ್ಬರೇ, ಆ ಇಬ್ಬರಿಗೂ ಅಕ್ಷರವಿಲ್ಲ.

ಪಮೆಲಾಳ ಪತ್ರದಲ್ಲಿ ಅವಳ ಹೃದಯವನ್ನೂ ಮೃಣಾಲಳ ಪತ್ರದಲ್ಲಿ ಅವಳ ವಿವೇಕವನ್ನೂ ನೇರವಾಗಿ ಕಾಣಬಹುದಾಗಿತ್ತು. ಅವರು ತಾವೇ ಬರೆದರು, ತಮ್ಮ ಮಾತಿನಲ್ಲಿಯೇ ಬರೆದರು. ನಮ್ಮ ತಾಯಂದಿರ ಪತ್ರದಲ್ಲಿ ದನಿಯು ಒಬ್ಬರದು, ಕೈ ಇನ್ನೊಬ್ಬರದು, ಭಾಷೆಯು ಮತ್ತೊಂದು. ಶಕಟದಾಸನು ತಾನು ಬರೆಯುತ್ತಿರುವ ಪತ್ರದ ಗುಟ್ಟನ್ನು ಅರಿಯದೆ ಬರೆದಂತೆ, ನಮ್ಮ ಜಗಲಿಯ ಹುಡುಗನೂ ತಾನು ಬಿಟ್ಟುದು ಏನೆಂಬುದನ್ನು ಅರಿಯದೆ ಬರೆದನು. ಇದು ಕೊರತೆಯೆಂದು ತೋರಬಹುದು. ಕಥೆಗಾರನಿಗೆ ಇದು ಸಂಪತ್ತು. ಏಕೆಂದರೆ ಪತ್ರರೂಪದ ಕಥೆಯ ಜೀವವಿರುವುದು ಕಾಗದಕ್ಕೆ ಬಾರದೆ ಉಳಿದ ಮಾತಿನಲ್ಲಿ.

೬

ಇಂಥ ಕೃತಿಗಳ ಬೆಲೆಯನ್ನು ಕಟ್ಟುವಾಗ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು ಈವರೆಗಿನ ವಿವೇಚನೆಯಿಂದ ತಾವಾಗಿ ಒದಗಿಬರುತ್ತವೆ. ಮೊದಲನೆಯದು, ಈ ಪತ್ರವನ್ನೋ ದಿನಚರಿಯನ್ನೋ ಬರೆಯುವ ಅಗತ್ಯವು ಪಾತ್ರಕ್ಕೆ ನಿಜವಾಗಿ ಇತ್ತೆ, ದೂರವೊಂದು ಅದನ್ನು ಬರೆಯಿಸಿತೆ, ಅಥವಾ ಲೇಖಕನ ಅನುಕೂಲಕ್ಕಾಗಿ ಪಾತ್ರವು ಲೇಖನಿಯನ್ನು ಹಿಡಿಯಿತೆ? ಎರಡನೆಯದು, ಬರೆದವರಿಗೆ ತಿಳಿಯದ ಯಾವುದಾದರೂ ಅರ್ಥವು ಓದುಗನಿಗೆ ತಿಳಿಯುತ್ತದೆಯೆ? ತಿಳಿಯದಿದ್ದರೆ ಅದು ಬರಿಯ ಉತ್ತಮಪುರುಷದ ಕಥೆ, ಮೇಲೆ ದಿನಾಂಕವನ್ನು ಹಾಕಿದ ಮಾತ್ರಕ್ಕೆ ದಿನಚರಿಯಾಗದು. ಮೂರನೆಯದು, ಈ ಕಾಗದಗಳು ಯಾರ ಕೈಸೇರಿದವು, ಆ ಕೈಗೆ ಅವುಗಳಿಂದ ಯಾವ ಹೊಣೆ ಬಂದಿತು? ‘ಅಳಿದ ಮೇಲೆ’ಯು ಈ ಮೂರಕ್ಕೂ ಉತ್ತರ ಕೊಡುತ್ತದೆ, ಆದುದರಿಂದಲೇ ಅದು ನಿಂತಿದೆ.

ತಂತಿಯ ಸೇವೆಯು ೨೦೧೩ರಲ್ಲಿ ನಿಂತುಹೋಯಿತು. ಇನ್‌ಲ್ಯಾಂಡು ಕಾಗದವನ್ನು ಕೊಳ್ಳುವವರು ವಿರಳ. ಕೊಲ್ಲಿ ದೇಶದಲ್ಲಿರುವ ಮಗನ ಮುಖವನ್ನು ತಾಯಿಯು ಮೊಬೈಲಿನಲ್ಲಿ ದಿನವೂ ನೋಡುತ್ತಾಳೆ, ತುಳುವಿನಲ್ಲಿಯೇ ಮಾತನಾಡುತ್ತಾಳೆ. ಇದರಿಂದ ಈ ಕಲೆಯು ಮುಗಿಯಿತೆಂದು ಕೆಲವರು ವಿಷಾದಪಡುವುದುಂಟು. ನನಗೆ ಹಾಗೆ ತೋರುವುದಿಲ್ಲ. ಬರೆದು ಅಳಿಸಿದ ಸಂದೇಶ, ಓದಿಯೂ ಉತ್ತರ ಕೊಡದ ಸಂದೇಶ, ಒಬ್ಬರಿಗೆ ಬರೆದುದು ಇನ್ನೊಬ್ಬರ ಗುಂಪಿಗೆ ಹೋಗಿ ಬಿದ್ದ ಸಂದೇಶ ಇವುಗಳಲ್ಲಿ ಚಾಣಕ್ಯನಿಗೂ ವಿಷಯೆಗೂ ಬೇಕಾದಷ್ಟು ಕೆಲಸವುಂಟು. ಅಗಲಿಕೆಯು ಮೈಲಿಗಳಲ್ಲಿ ಕಡಿಮೆಯಾದ ಮಾತ್ರಕ್ಕೆ ಮನಸ್ಸುಗಳಲ್ಲಿ ಕಡಿಮೆಯಾಗುವುದೆಂಬ ನಿಯಮವಿಲ್ಲ.

ಈ ಕರಾವಳಿಯ ತರುಣ ಲೇಖಕರಲ್ಲಿ ನನ್ನದೊಂದು ಬಿನ್ನಹ. ಮುಂಬಯಿಯನ್ನು ಕುರಿತು ನಮ್ಮವರು ಒಳ್ಳೆಯ ಕಾದಂಬರಿಗಳನ್ನು ಬರೆದಿದ್ದಾರೆ, ಊರನ್ನು ಕುರಿತೂ ಬರೆದಿದ್ದಾರೆ; ನಡುವಣ ಅಂಚೆಯನ್ನು ಕುರಿತ ಕಾದಂಬರಿಯು ನನ್ನ ಓದಿನಲ್ಲಿ ಇನ್ನೂ ಸಿಕ್ಕಿಲ್ಲ. ಅದನ್ನು ಬರೆಯುವವರು ತಾಯಿಯನ್ನಾಗಲಿ ಮಗನನ್ನಾಗಲಿ ನಾಯಕಸ್ಥಾನದಲ್ಲಿ ನಿಲ್ಲಿಸಬೇಕಾಗಿಲ್ಲ. ಊರ ಹತ್ತು ಮನೆಗಳ ಗುಟ್ಟುಗಳನ್ನು ತುಳುವಿನಲ್ಲಿ ಕೇಳಿ ಕನ್ನಡದಲ್ಲಿ ಬರೆದ ಆ ಶಾಲೆಯ ಹುಡುಗನನ್ನು ನಿಲ್ಲಿಸಿದರೆ ಸಾಕು. ಅವನು ಬರೆದುದು ಪೆಟ್ಟಿಗೆಗಳಲ್ಲಿ ದೊರೆಯುತ್ತದೆ. ಅವನು ಕೇಳಿಯೂ ಬರೆಯದೆ ಬಿಟ್ಟುದನ್ನು ಕಲ್ಪಿಸಿಕೊಳ್ಳುವುದು ಕಾದಂಬರಿಕಾರನ ಧರ್ಮ. ಆ ಹುಡುಗರಲ್ಲಿ ಕೆಲವರು ಇಂದು ಮುದುಕರಾಗಿ ನಮ್ಮ ನಡುವೆಯೇ ಇದ್ದಾರೆ, ಪ್ರಾಯಶಃ ಈ ಸಭೆಯಲ್ಲಿಯೂ ಇದ್ದಾರೆ. ಅವರ ಬಳಿ ಕುಳಿತು ಕೇಳಿಕೊಳ್ಳುವ ಕೆಲಸವನ್ನು ತಡಮಾಡದೆ ಮೊದಲುಮಾಡತಕ್ಕದ್ದೆಂದು ಸೂಚಿಸಿ ನನ್ನ ಮಾತನ್ನು ಮುಗಿಸುತ್ತೇನೆ.